ಕ್ಯಾಂಪಸ್ ನಕ್ಷೆಯ ಮೇಜಿನ ಸುತ್ತ ಯಾರಿರಬೇಕು?

ವಿಶ್ವವಿದ್ಯಾಲಯವೊಂದರ ಮಾಸ್ಟರ್ ಪ್ಲಾನ್ ಸಮಿತಿಗೆ ನಿಮ್ಮನ್ನು ಹೊಸದಾಗಿ ಸೇರಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ನೀವು ವಿದ್ಯಾರ್ಥಿ ಪ್ರತಿನಿಧಿಯಾಗಿರಬಹುದು, ಈಚೆಗೆ ಕೆಲಸಕ್ಕೆ ಸೇರಿದ ಅಧ್ಯಾಪಕಿಯಾಗಿರಬಹುದು, ಕಾಂಪೌಂಡಿನ ಆಚೆಯ ಬಡಾವಣೆಯಲ್ಲಿ ಮನೆ ಇರುವವರಾಗಿರಬಹುದು. ಮೊದಲ ಸಭೆಯಲ್ಲಿ ಮೇಜಿನ ಮೇಲೆ ದೊಡ್ಡ ನಕ್ಷೆಯನ್ನು ಹರಡುತ್ತಾರೆ. ಹಸಿರು ಬಣ್ಣ ಅಂದರೆ ಉದ್ಯಾನ, ಹಳದಿ ಅಂದರೆ ವಸತಿ, ಕಂದು ಅಂದರೆ ಮುಂದೆ ಕಟ್ಟಲಿರುವ ಬ್ಲಾಕುಗಳು. ಆಮೇಲೆ ಅಧ್ಯಕ್ಷರು ನಿಮ್ಮ ಕಡೆ ತಿರುಗಿ, ಅಭಿಪ್ರಾಯ ಹೇಳಿ ಅನ್ನುತ್ತಾರೆ. ಹೆಚ್ಚಿನವರಿಗೆ ಆಗ ಏನೂ ತೋಚುವುದಿಲ್ಲ. ಇದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ಹಾಸ್ಟೆಲ್ಲಿನಿಂದ ಲೈಬ್ರರಿಗೆ ಹೋಗುವ ದಾರಿಯಲ್ಲಿ ಸಂಜೆ ಏಳರ ಮೇಲೆ ಎಲ್ಲಿ ಕತ್ತಲೆ, ಯಾವ ಮರದ ಕೆಳಗೆ ಹುಡುಗರು ಕೂತು ಓದುತ್ತಾರೆ, ಯಾವ ಕಟ್ಟಡದ ಹಿಂದೆ ಮಳೆನೀರು ನಿಲ್ಲುತ್ತದೆ ಎಂಬುದೆಲ್ಲ ನಿಮಗೆ ಗೊತ್ತು. ಆ ನಕ್ಷೆಯಲ್ಲಿ ಇವುಗಳಲ್ಲಿ ಒಂದನ್ನೂ ಬರೆಯಲು ಜಾಗವಿಲ್ಲ. ನಿಮಗೆ ಗೊತ್ತಿರುವುದು ಬೇರೆ, ನಕ್ಷೆ ಕೇಳುತ್ತಿರುವುದು ಬೇರೆ. ಜನರನ್ನು ಒಳಗೊಂಡು ಮಾಸ್ಟರ್ ಪ್ಲಾನ್ ಮಾಡುವುದು ಎಂದರೆ ಮುಖ್ಯವಾಗಿ ಈ ಅಂತರವನ್ನು ತುಂಬುವ ಕೆಲಸ.

ಮೊದಲು ಮಾಸ್ಟರ್ ಪ್ಲಾನ್ ಅಂದರೇನು ಎಂದು ಚುಟುಕಾಗಿ ನೋಡೋಣ. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಕ್ಯಾಂಪಸ್ಸಿನ ನೆಲ ಹೇಗೆ ಬಳಕೆಯಾಗಬೇಕು, ರಸ್ತೆ ಮತ್ತು ಕಾಲುದಾರಿಗಳು ಎಲ್ಲಿ ಸಾಗಬೇಕು, ನೀರು, ವಿದ್ಯುತ್, ಒಳಚರಂಡಿಗೆ ಏನು ವ್ಯವಸ್ಥೆ, ಯಾವ ಮರಗಳನ್ನೂ ಯಾವ ಬಯಲುಗಳನ್ನೂ ಮುಟ್ಟಬಾರದು, ಯಾವ ಕಟ್ಟಡ ಮೊದಲು ಬರಬೇಕು, ಯಾವುದು ಆಮೇಲೆ ಎಂಬುದನ್ನೆಲ್ಲ ಒಂದೇ ಕಡೆ ಬರೆದಿಡುವ ದಾಖಲೆ ಅದು. ಸಾಮಾನ್ಯವಾಗಿ ಹೊರಗಿನ ವಾಸ್ತುಶಿಲ್ಪಿಗಳ ಸಂಸ್ಥೆ ಅದನ್ನು ತಯಾರಿಸುತ್ತದೆ, ಆಡಳಿತ ಮಂಡಳಿ ಒಪ್ಪುತ್ತದೆ. ಅನುದಾನ ಕೇಳಲು ಹೋದಾಗಲೂ ಅದು ಬೇಕಾಗುತ್ತದೆ. ಇಷ್ಟು ತಿಳಿದರೆ ಶುರುವಿಗೆ ಸಾಕು. ಉಳಿದದ್ದನ್ನು ಒಂದು ನಿಜವಾದ ವಿಶ್ವವಿದ್ಯಾಲಯದ ಕಥೆಯ ಮೂಲಕ ಹೇಳುತ್ತೇನೆ.

ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ ಯೂಜೀನ್ ಎಂಬ ಊರಿದೆ. ಅಲ್ಲಿನ ಒರೆಗಾನ್ ವಿಶ್ವವಿದ್ಯಾಲಯ 1876ರಲ್ಲಿ ಆರಂಭವಾದದ್ದು. 1914ರಿಂದ ಸುಮಾರು ಮೂರು ದಶಕಗಳ ಕಾಲ ಎಲಿಸ್ ಲಾರೆನ್ಸ್ ಎಂಬ ವಾಸ್ತುಶಿಲ್ಪಿ ಆ ಕ್ಯಾಂಪಸ್ಸನ್ನು ರೂಪಿಸಿದರು. ಅಂಗಳಗಳ ಸುತ್ತ ಇಟ್ಟಿಗೆಯ ಕಟ್ಟಡಗಳು, ನಡುವೆ ಮರಗಳು. 1960ರ ದಶಕದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಒಮ್ಮೆಲೇ ಏರಿ ಸುಮಾರು 15,000 ಮುಟ್ಟಿತು. ಅವಸರದಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಅದು ವಿಯೆಟ್ನಾಂ ಯುದ್ಧದ ಕಾಲವೂ ಹೌದು. 1970ರಲ್ಲಿ ಪ್ರತಿಭಟನೆಗಳು ಜೋರಾಗಿದ್ದಾಗ, ಕ್ಯಾಂಪಸ್ಸಿನ ನಡುವೆ ಹಾದುಹೋಗುತ್ತಿದ್ದ ಹದಿಮೂರನೇ ಅವೆನ್ಯೂ ರಸ್ತೆಗೆ ವಿದ್ಯಾರ್ಥಿಗಳು ಅಡ್ಡಗಟ್ಟಿ ವಾಹನಗಳನ್ನು ತಡೆದರು. ಆ ರಸ್ತೆ ಕ್ರಮೇಣ ನಡೆಯುವವರ ದಾರಿಯಾಯಿತು. ನಾವು ದಿನವೂ ನಡೆಯುವ ಜಾಗದ ಬಗ್ಗೆ ನಮ್ಮನ್ನು ಯಾರೂ ಕೇಳಲಿಲ್ಲ ಎಂಬ ಸಿಟ್ಟು ಆ ಅಡ್ಡಗಟ್ಟೆಯಲ್ಲಿ ಇತ್ತು.

ಇಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯವು ಬರ್ಕ್ಲಿಯಲ್ಲಿದ್ದ ಕ್ರಿಸ್ಟೋಫರ್ ಅಲೆಗ್ಸಾಂಡರ್ ಮತ್ತು ಅವರ ತಂಡವನ್ನು ಕರೆಸಿ ಯೋಜನೆಯ ಕೆಲಸ ಒಪ್ಪಿಸಿತು. ಅಲೆಗ್ಸಾಂಡರ್ 1936ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದವರು, ಗಣಿತ ಓದಿ ವಾಸ್ತುಶಿಲ್ಪಕ್ಕೆ ಬಂದವರು. ಅವರಿಗೆ ನಮ್ಮ ದೇಶದ ನಂಟೂ ಇತ್ತು. 1960ರ ದಶಕದ ಆರಂಭದಲ್ಲಿ ಗುಜರಾತಿನ ಬಾವ್ರಾ ಎಂಬ ಹಳ್ಳಿಯಲ್ಲಿ ಕೆಲವು ತಿಂಗಳು ಇದ್ದು, ಅಲ್ಲೊಂದು ಶಾಲೆ ಕಟ್ಟಿದ್ದರು. 1964ರಲ್ಲಿ ಬಂದ ಅವರ ಮೊದಲ ಪ್ರಮುಖ ಪುಸ್ತಕದಲ್ಲಿ 600 ಜನರ ಭಾರತೀಯ ಹಳ್ಳಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಂಡು, ಆ ಹಳ್ಳಿಯ 141 ಅಗತ್ಯಗಳನ್ನು ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯನ್ನು ಬರೆದವರು ಅಲೆಗ್ಸಾಂಡರರೇ. ಯೂಜೀನ್‌ಗೆ ಬರುವ ಹೊತ್ತಿಗೆ ಅವರ ವಿಚಾರ ಒಂದು ಹೆಜ್ಜೆ ಮುಂದೆ ಹೋಗಿತ್ತು: ಅಗತ್ಯಗಳ ಪಟ್ಟಿ ಮಾಡಬೇಕಾದವರು ಅಲ್ಲಿ ಬದುಕುವವರೇ, ಕಟ್ಟಡದ ಮೊದಲ ಆಕಾರ ಕೊಡಬೇಕಾದವರೂ ಅವರೇ. ಈ ಕೆಲಸದ ವಿವರ 1975ರಲ್ಲಿ ಪ್ರಕಟವಾದ 'ದಿ ಒರೆಗಾನ್ ಎಕ್ಸ್‌ಪೆರಿಮೆಂಟ್' ಎಂಬ ಸಣ್ಣ ಪುಸ್ತಕದಲ್ಲಿದೆ. ಇನ್ನೂರು ಪುಟವೂ ಇಲ್ಲ. ಈ ಕ್ಷೇತ್ರಕ್ಕೆ ಕಾಲಿಡುವವರು ಬೇರೇನೂ ಓದದಿದ್ದರೂ ಇದೊಂದನ್ನು ಓದಬೇಕು ಎಂಬುದು ನನ್ನ ಆಸೆ.

ಆ ಪುಸ್ತಕ ಶುರುವಾಗುವುದೇ ಮಾಸ್ಟರ್ ಪ್ಲಾನಿನ ಮೇಲಿನ ಆಕ್ಷೇಪದಿಂದ. ಇಪ್ಪತ್ತು ವರ್ಷಗಳ ನಂತರ ಯಾವ ವಿಷಯ ಬೆಳೆಯುತ್ತದೆ, ಯಾವುದು ಸೊರಗುತ್ತದೆ ಎಂದು ಇವತ್ತೇ ಯಾರಿಗೂ ಗೊತ್ತಿರುವುದಿಲ್ಲ. ಹಾಗಿದ್ದೂ ನಕ್ಷೆ ಪ್ರತಿ ಕಟ್ಟಡದ ಜಾಗವನ್ನು ಇವತ್ತೇ ನಿಗದಿ ಮಾಡಿಬಿಡುತ್ತದೆ. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಅಗತ್ಯ ಬದಲಾದರೂ ನಕ್ಷೆಯಂತೆಯೇ ಕಟ್ಟುತ್ತಾರೆ, ಇಲ್ಲವೇ ನಕ್ಷೆಯನ್ನು ಬೀರುವಿನಲ್ಲಿಟ್ಟು ತೋಚಿದಲ್ಲಿ ಕಟ್ಟುತ್ತಾರೆ. ಇನ್ನೊಂದು ತೊಂದರೆ ಇದಕ್ಕಿಂತ ಆಳದ್ದು. ಎಲ್ಲವೂ ಮೊದಲೇ ತೀರ್ಮಾನವಾಗಿದೆ ಎಂದು ಕಂಡಾಗ ಅಲ್ಲಿರುವ ಜನ ಆ ಜಾಗ ತಮ್ಮದು ಎಂಬ ಭಾವನೆಯನ್ನೇ ಬಿಟ್ಟುಕೊಡುತ್ತಾರೆ.

ಇದಕ್ಕೆ ಬದಲಾಗಿ ಅಲೆಗ್ಸಾಂಡರ್ ತಂಡ ಆರು ತತ್ತ್ವಗಳನ್ನು ಮುಂದಿಟ್ಟಿತು. ಆರನ್ನೂ ಸಮನಾಗಿ ವಿವರಿಸುತ್ತ ಹೋಗುವುದಿಲ್ಲ. ಹೊಸಬರಿಗೆ ಮೂರು ಸರಿಯಾಗಿ ಅರ್ಥವಾದರೆ ಉಳಿದವು ತಾವಾಗಿಯೇ ದಾರಿಗೆ ಬರುತ್ತವೆ.

ಮೊದಲನೆಯದು ಭಾಗವಹಿಸುವಿಕೆ. ನಮ್ಮಲ್ಲಿ ಈ ಮಾತು ಕೇಳಿದೊಡನೆ ನೆನಪಾಗುವುದು ಒಂದು ಮಧ್ಯಾಹ್ನದ ಸಭೆ, ಒಂದು ಪ್ರಸೆಂಟೇಶನ್, ಕೊನೆಯಲ್ಲಿ ಚಹಾ, ಬಿಸ್ಕತ್ತು. ಒರೆಗಾನಿನ ಪ್ರಸ್ತಾಪ ಇದಕ್ಕಿಂತ ಬಹಳ ಕಠಿಣವಾಗಿತ್ತು. ಪ್ರತಿ ಕಟ್ಟಡಕ್ಕೂ ಅದನ್ನು ಬಳಸಲಿರುವವರದೇ ಒಂದು ವಿನ್ಯಾಸ ತಂಡ ಇರಬೇಕು. ಯಾವ ಬಳಕೆದಾರರ ಗುಂಪು ಬೇಕಾದರೂ ಯೋಜನೆಯೊಂದನ್ನು ಶುರುಮಾಡಬಹುದು. ಅಷ್ಟೇ ಅಲ್ಲ, ಹಾಗೆ ಬಳಕೆದಾರರು ಶುರುಮಾಡಿದ ಯೋಜನೆಗಳನ್ನು ಮಾತ್ರ ಹಣಕ್ಕೆ ಪರಿಗಣಿಸಬೇಕು. ವಾಸ್ತುಶಿಲ್ಪಿ ಮುಖ್ಯ ಪಾತ್ರ ವಹಿಸುವ ಮೊದಲೇ ಬಳಕೆದಾರರ ತಂಡ ಕಚ್ಚಾ ವಿನ್ಯಾಸವನ್ನು ಮುಗಿಸಿರಬೇಕು. ಈ ಕೆಲಸಕ್ಕೆ ಅವರು ಕೊಡುವ ಸಮಯವನ್ನು ಅವರ ಕೆಲಸದ ಭಾಗವೆಂದೇ ಎಣಿಸಬೇಕು. ಈ ಕೊನೆಯ ಮಾತಿಗೆ ದಯವಿಟ್ಟು ಅಡಿಗೆರೆ ಹಾಕಿಕೊಳ್ಳಿ. ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಬನ್ನಿ ಅಂದರೆ ಬರುವವರು ಬಿಡುವಿರುವವರು ಮಾತ್ರ. ಎರಡು ಪಾಳಿಯಲ್ಲಿ ದುಡಿಯುವ ಸ್ವಚ್ಛತಾ ಕೆಲಸಗಾರ್ತಿಗೆ ಸಭೆಯ ಹೊತ್ತಿನ ಸಂಬಳ ಸಿಗದಿದ್ದರೆ ಅವರು ಯಾವತ್ತೂ ಆ ಮೇಜಿನ ಬಳಿಗೆ ಬರಲಾರರು.

ಮೇಲಿನ ಹಂತದ ಯೋಜನಾ ಮಂಡಳಿಯೂ ಚಿಕ್ಕದಿರಬೇಕು ಎಂದರು: ಹತ್ತು ಜನರನ್ನು ಮೀರಬಾರದು, ಅವರಲ್ಲಿ ಬಳಕೆದಾರರೂ ಆಡಳಿತದವರೂ ಹೆಚ್ಚುಕಡಿಮೆ ಸಮ ಇರಬೇಕು. ನಲವತ್ತು ಜನರ ಸಮಿತಿಯಲ್ಲಿ ಎಲ್ಲರೂ ಪ್ರತಿನಿಧಿಗಳೇ, ತೀರ್ಮಾನ ಮಾಡುವವರು ಮಾತ್ರ ಇಬ್ಬರೋ ಮೂವರೋ. ಆದ್ದರಿಂದ ಚಿಕ್ಕ ಮಂಡಳಿಯಲ್ಲಿ ಅರ್ಧ ಜಾಗ ಸಿಗುವುದು ದೊಡ್ಡ ಸಮಿತಿಯಲ್ಲಿ ಇಪ್ಪತ್ತು ಕುರ್ಚಿ ಸಿಗುವುದಕ್ಕಿಂತ ಮೇಲು.

ವಿದ್ಯಾರ್ಥಿ ಎರಡೋ ಮೂರೋ ವರ್ಷ ಇದ್ದು ಹೋಗುತ್ತಾನೆ, ಅವನ ಮಾತು ಕೇಳಿ ಐವತ್ತು ವರ್ಷ ನಿಲ್ಲುವ ಕಟ್ಟಡ ಹೇಗೆ ಕಟ್ಟುವುದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಲೆಗ್ಸಾಂಡರರ ಉತ್ತರ ಸರಳವಾಗಿದೆ. ಮುಂದೆ ಬರುವ ವಿದ್ಯಾರ್ಥಿ ಇವನಲ್ಲದಿದ್ದರೂ ಇವನಂಥವನೇ. ಇಲ್ಲಿ ಒಂದು ದಿನವೂ ಓದದ ಹೊರಗಿನವರ ಊಹೆಗಿಂತ ಇವನ ಅನುಭವ ಆ ಮುಂದಿನವನಿಗೆ ಹತ್ತಿರ. ನನ್ನದೊಂದು ಮಾತು ಸೇರಿಸುತ್ತೇನೆ. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕುಲಪತಿಗಳ ಅವಧಿಯೂ ನಾಲ್ಕೇ ವರ್ಷ. ಕ್ಯಾಂಪಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಇರುವವರು ತೋಟದ ಮಾಲಿಗಳು, ಲೈಬ್ರರಿಯ ಅಟೆಂಡರುಗಳು, ನೀರು ಬಿಡುವವರು, ಲೈನ್‌ಮನ್‌ಗಳು. ಯಾವ ಪೈಪು ಎಲ್ಲಿ ಹೂತಿದೆ, ಯಾವ ಬಾವಿಯಲ್ಲಿ ಎಂದು ನೀರಿತ್ತು, ಹಳೆಯ ಕೆರೆಯ ಕೋಡಿ ಯಾವ ಕಡೆ ಹರಿಯುತ್ತಿತ್ತು ಎಂಬ ನೆನಪು ಅವರಲ್ಲಿದೆ. ಅಂಥವರಿಗೆ ಸಭೆಯ ಪತ್ರವೇ ಹೋಗದ ಮಾಸ್ಟರ್ ಪ್ಲಾನ್ ಎಷ್ಟು ಚೆಂದ ಅಚ್ಚಾಗಿದ್ದರೂ ಅದರ ಅರ್ಧ ಬುಡವೇ ಇಲ್ಲ ಎಂದು ನಾನು ತಿಳಿಯುತ್ತೇನೆ.

ಎರಡನೆಯದು ಪ್ಯಾಟರ್ನ್. ಜನರಿಗೆ ಗೊತ್ತಿರುವುದನ್ನು ಯೋಜನೆಯ ಭಾಷೆಗೆ ತರುವ ಉಪಾಯ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಪ್ಯಾಟರ್ನ್ ಎಂದರೆ ಮತ್ತೆ ಮತ್ತೆ ಎದುರಾಗುವ ಒಂದು ತೊಂದರೆಯನ್ನು ಹೇಳಿ, ಅದರ ಕಾರಣ ತಿಳಿಸಿ, 'ಆದ್ದರಿಂದ' ಎಂದು ಮಾಡಬೇಕಾದ್ದನ್ನು ಬರೆಯುವ ಕ್ರಮ. ಕಟ್ಟಡದ ಚಿತ್ರ ಬರೆಯಲು ಬಾರದವರೂ ಇದನ್ನು ಬರೆಯಬಲ್ಲರು. ಅಲೆಗ್ಸಾಂಡರ್ ತಂಡ 1977ರಲ್ಲಿ ಇಂಥ 253 ಪ್ಯಾಟರ್ನ್‌ಗಳ ದೊಡ್ಡ ಪುಸ್ತಕವನ್ನೇ ತಂದಿತು. ಒರೆಗಾನ್ ಕ್ಯಾಂಪಸ್ಸಿಗೆಂದೇ ಬೇರೆ ಕೆಲವನ್ನು ಸೇರಿಸಿತು: ವಿಭಾಗಗಳು ತೀರ ದೊಡ್ಡದಾಗದಂತೆ ನೋಡಿಕೊಳ್ಳುವುದು, ಪ್ರತಿ ವಿಭಾಗಕ್ಕೂ ಎಲ್ಲರೂ ಹಾದುಹೋಗುವ ಒಂದು ನಡುಮನೆಯಂಥ ಜಾಗ, ಅಧ್ಯಾಪಕರೂ ವಿದ್ಯಾರ್ಥಿಗಳೂ ಬೆರೆತು ಕೂರುವಂತೆ ಕೋಣೆಗಳ ಜೋಡಣೆ ಇತ್ಯಾದಿ.

ಅವುಗಳನ್ನು ಹಾಗೆಯೇ ಇಲ್ಲಿಗೆ ಎತ್ತಿಕೊಂಡು ಬರಲಾಗದು. ಯೂಜೀನಿನಲ್ಲಿ ಚಳಿಗಾಲವೆಲ್ಲ ಮೋಡ, ಜಡಿಮಳೆ. ಅಲ್ಲಿ ಬಯಲನ್ನು ಕಟ್ಟಡದ ದಕ್ಷಿಣಕ್ಕೆ ಬಿಡಿ, ಬಿಸಿಲು ಬೀಳಲಿ ಎಂಬುದು ಒಂದು ಮುಖ್ಯ ಪ್ಯಾಟರ್ನ್. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹಾಗೆ ಬಿಸಿಲಿಗೆ ಬಿಟ್ಟ ಅಂಗಳದಲ್ಲಿ ಯಾರೂ ಕಾಲಿಡಲಾರರು. ನಮ್ಮ ಪ್ಯಾಟರ್ನ್‌ಗಳನ್ನು ನಾವೇ ಬರೆದುಕೊಳ್ಳಬೇಕು. ಹೇಗೆಂದು ತೋರಿಸಲು ಒಂದನ್ನು ಇಲ್ಲೇ ಬರೆಯುತ್ತೇನೆ.

ತೊಂದರೆ: ಎರಡು ತರಗತಿಗಳ ನಡುವೆ ಒಂದು ಗಂಟೆ ಬಿಡುವು ಸಿಕ್ಕರೆ ವಿದ್ಯಾರ್ಥಿಗಳಿಗೆ ಕೂರಲು ಜಾಗವಿಲ್ಲ. ಲೈಬ್ರರಿ ದೂರ. ಕ್ಯಾಂಟೀನಿನಲ್ಲಿ ಕೂರಬೇಕಾದರೆ ಏನಾದರೂ ಕೊಳ್ಳಬೇಕು. ಮೆಟ್ಟಿಲ ಮೇಲೆ ಕೂತರೆ ಓಡಾಡುವವರಿಗೆ ಅಡ್ಡ. ಹುಡುಗಿಯರು ಖಾಲಿ ತರಗತಿ ಹುಡುಕುತ್ತಾರೆ, ಅದಕ್ಕೆ ಬೀಗ ಹಾಕಿರುತ್ತದೆ. ಕಾರಣ: ಕಟ್ಟಡವನ್ನು ತರಗತಿ ಮತ್ತು ಕಾರಿಡಾರು ಎಂದು ಎರಡೇ ಭಾಗವಾಗಿ ಯೋಚಿಸಿದ್ದಾರೆ, ಕಾಯುವ ಹೊತ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದ್ದರಿಂದ: ಪ್ರತಿ ವಿಭಾಗದ ಮುಖ್ಯ ಬಾಗಿಲ ಬಳಿ, ದಾರಿಗೆ ಅಂಟಿಕೊಂಡು, ದಾರಿಗೆ ಅಡ್ಡವಾಗದಂತೆ, ನೆರಳಿನ ಜಗಲಿಯೊಂದು ಇರಲಿ. ಮಳೆಯ ಎರಚಲು ತಾಗದಷ್ಟು ಮಾಡು ಮುಂದೆ ಚಾಚಿರಲಿ. ಗಾಲಿಕುರ್ಚಿ ಹತ್ತುವ ಇಳಿಜಾರು, ಪಕ್ಕದಲ್ಲಿ ಕುಡಿಯುವ ನೀರು, ರಾತ್ರಿಗೆ ದೀಪ ಇರಲಿ. ಒಳಗಿನವರ ಕಣ್ಣಿಗೆ ಬೀಳುವಂತಿರಲಿ.

ಇದರಲ್ಲಿ ಎಷ್ಟು ಚದರಡಿ, ಯಾವ ಕಲ್ಲು, ಯಾವ ಬಣ್ಣ ಎಂಬುದಿಲ್ಲ. ಅದು ವಾಸ್ತುಶಿಲ್ಪಿಯ ಕೆಲಸ. ಆದರೆ ಇದನ್ನು ಸಮಿತಿ ವಿಧಿಪೂರ್ವಕ ಒಪ್ಪಿಕೊಂಡರೆ ಮುಂದೆ ಬರುವ ಯಾವ ಕಟ್ಟಡದ ನಕ್ಷೆಯನ್ನಾದರೂ ಮುಂದಿಟ್ಟುಕೊಂಡು, ಜಗಲಿ ಎಲ್ಲಿದೆ ಎಂದು ಕೇಳಬಹುದು. ಒರೆಗಾನಿನ ಪ್ರಸ್ತಾಪದಲ್ಲಿ ಹೀಗೆ ಒಪ್ಪಿದ ಪ್ಯಾಟರ್ನ್‌ಗಳನ್ನು ಪ್ರತಿ ವರ್ಷ ಬಹಿರಂಗ ಸಭೆಯಲ್ಲಿ ಮರುಪರಿಶೀಲಿಸಬೇಕು ಎಂದಿತ್ತು. ಸಮುದಾಯದ ಯಾರೇ ಆಗಲಿ ಹೊಸದೊಂದನ್ನು ತರಬಹುದು, ಹಳೆಯದನ್ನು ಪುರಾವೆ ಸಮೇತ ಪ್ರಶ್ನಿಸಬಹುದು.

ನೀವು ಜನರ ಬಳಿ ಹೋದಾಗ ಇದೇ ಕ್ರಮ ಅನುಸರಿಸಿ. ಏನು ಬೇಕು ಎಂದು ಕೇಳಿದರೆ ಆಡಿಟೋರಿಯಂ, ಜಿಮ್, ಈಜುಕೊಳ ಎಂಬ ಪಟ್ಟಿ ಬರುತ್ತದೆ. ಎಲ್ಲಿ ಕೂರುತ್ತೀರಿ, ಎಲ್ಲಿಗೆ ಹೋಗಲು ಹೆದರುತ್ತೀರಿ, ನಿನ್ನೆ ಎಲ್ಲಿ ಕಾದಿರಿ ಎಂದು ಕೇಳಿದರೆ ಬದುಕು ಹೊರಬರುತ್ತದೆ. ಸಭಾಂಗಣದಲ್ಲಿ ಕೇಳುವುದಕ್ಕಿಂತ ಜೊತೆಗೆ ನಡೆಯುತ್ತ ಕೇಳಿದರೆ ಇನ್ನೂ ಒಳ್ಳೆಯದು. ಮಹಿಳಾ ಹಾಸ್ಟೆಲ್ಲಿನವರೊಂದಿಗೆ ಸಂಜೆ ನಡೆಯಿರಿ, ಊರುಗೋಲು ಅಥವಾ ಗಾಲಿಕುರ್ಚಿ ಬಳಸುವವರೊಂದಿಗೆ ಪರೀಕ್ಷಾ ವಿಭಾಗದ ತನಕ ಹೋಗಿಬನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದ ಮೇಲೂ ಎಷ್ಟು ಕಡೆ ಇಳಿಜಾರು ಮುಗಿಯುವ ಜಾಗದಲ್ಲಿ ಇನ್ನೊಂದು ಮೆಟ್ಟಿಲಿದೆ ಎಂಬುದು ನಡೆದಾಗಲೇ ಗೊತ್ತಾಗುವುದು. ಹುಲ್ಲಿನ ಮೇಲೆ ಜನರ ಕಾಲಿನಿಂದಲೇ ಮೂಡಿರುವ ದಾರಿಗಳನ್ನೂ ಗುರುತು ಹಾಕಿಕೊಳ್ಳಿ. ಅವು ಯಾರೂ ಸಹಿ ಹಾಕದ ಅರ್ಜಿಗಳು.

ಮೂರನೆಯದು ಸಣ್ಣ ಸಣ್ಣದಾಗಿ ಬೆಳೆಯುವುದು. ಇದು ಹಣದ ಪ್ರಶ್ನೆ, ಆದ್ದರಿಂದ ಎಲ್ಲಕ್ಕಿಂತ ಕಷ್ಟದ್ದು. ಪ್ರತಿ ಬಜೆಟ್ ಅವಧಿಯಲ್ಲಿ ದೊಡ್ಡ, ಮಧ್ಯಮ, ಸಣ್ಣ ಕೆಲಸಗಳಿಗೆ ಒಟ್ಟು ಮೊತ್ತ ಸಮನಾಗಿ ಹಂಚಿಹೋಗಬೇಕು ಎಂದು ಅಲೆಗ್ಸಾಂಡರ್ ವಾದಿಸಿದರು. ದೊಡ್ಡ ಕಟ್ಟಡ ಒಂದು ಆಗುವಷ್ಟು ಹಣದಲ್ಲಿ ಬೆಂಚು, ಮಾಡು, ಕಾಲುದಾರಿ, ಹಳೆಯ ಕೋಣೆಯ ದುರಸ್ತಿ ಇಂಥವು ನೂರಾರು ಆಗುತ್ತವೆ. ಹಾಗಾಗಿ ಎಣಿಕೆಯಲ್ಲಿ ಸಣ್ಣ ಕೆಲಸಗಳೇ ತುಂಬ ಹೆಚ್ಚಿರುತ್ತವೆ. ದೊಡ್ಡ ಕಟ್ಟಡದಲ್ಲಿ ತಪ್ಪಾದರೆ ಐವತ್ತು ವರ್ಷ ಅನುಭವಿಸಬೇಕು. ಸಣ್ಣದರಲ್ಲಿ ತಪ್ಪಾದರೆ ಮುಂದಿನ ವರ್ಷ ತಿದ್ದಬಹುದು. ಜನರಿಗೂ ತಾವು ಹೇಳಿದ್ದು ಕಣ್ಣೆದುರು ಆದದ್ದು ಕಾಣುತ್ತದೆ, ಮುಂದಿನ ಸಭೆಗೆ ಬರುವ ಮನಸ್ಸಾಗುತ್ತದೆ.

ಯೂಜೀನಿನಲ್ಲಿ ಇದೆಲ್ಲ ಹೇಳಿದಂತೆಯೇ ನಡೆಯಿತೇ? ಪೂರ್ತಿ ಇಲ್ಲ. ಉಳಿದದ್ದು ಕಡಿಮೆಯೇನಲ್ಲ. ಇವತ್ತಿಗೂ ಅಲ್ಲಿನ ಕ್ಯಾಂಪಸ್ ಪ್ಲಾನ್ ನಿಗದಿತ ನಕ್ಷೆಯಾಗಿಲ್ಲ. ಅದರ ಹನ್ನೆರಡು ನೀತಿಗಳಲ್ಲಿ ಮೊದಲನೆಯದೇ ಯೋಜನೆಯ ಕ್ರಮ ಮತ್ತು ಜನರ ಭಾಗವಹಿಸುವಿಕೆ, ಮತ್ತೊಂದು ಪ್ಯಾಟರ್ನ್‌ಗಳ ಕುರಿತದ್ದು. ಬಯಲು ಜಾಗಗಳನ್ನು ಕಾಪಾಡುವುದಕ್ಕೇ ಬೇರೆ ನೀತಿಯಿದೆ. ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳಿರುವ ಕ್ಯಾಂಪಸ್ ಯೋಜನಾ ಸಮಿತಿಯೂ, ಕಟ್ಟಡಕ್ಕೊಂದು ಬಳಕೆದಾರರ ಗುಂಪೂ ಮುಂದುವರಿದಿವೆ. 1980ರ ದಶಕದ ಕೊನೆಯಲ್ಲಿ ಚಾರ್ಲ್ಸ್ ಮೂರ್ ಮತ್ತು ಜೊತೆಗಾರ ವಾಸ್ತುಶಿಲ್ಪಿಗಳು ವಿನ್ಯಾಸಗೊಳಿಸಿದ ವಿಜ್ಞಾನ ಸಂಕೀರ್ಣವನ್ನು ಇಂಥ ಗುಂಪುಗಳ ಜೊತೆ ಕೂತೇ ರೂಪಿಸಿದರು.

ಸೋತದ್ದು ಹಣದ ಮುಂದೆ. ಸರ್ಕಾರದ ಹಣವಾಗಲಿ ದಾನಿಗಳ ಹಣವಾಗಲಿ ದೊಡ್ಡ ಕಟ್ಟಡಕ್ಕೆ ಸುಲಭವಾಗಿ ಬರುತ್ತದೆ, ಹೆಸರು ಕೆತ್ತಿಸಲು ಜಾಗವಿಲ್ಲದ ಕಾಲುದಾರಿಗೆ ಬರುವುದಿಲ್ಲ. 2011ರಲ್ಲಿ ದೊಡ್ಡ ಒಳಾಂಗಣ ಕ್ರೀಡಾಂಗಣ ತೆರೆಯಿತು. 2016ರಲ್ಲಿ ನೈಕಿ ಕಂಪನಿಯ ಫಿಲ್ ನೈಟ್ ಮತ್ತು ಅವರ ಪತ್ನಿ ವಿಜ್ಞಾನ ಕ್ಯಾಂಪಸ್ಸೊಂದಕ್ಕೆ 50 ಕೋಟಿ ಡಾಲರ್ ಘೋಷಿಸಿದರು. ಹೇವರ್ಡ್ ಫೀಲ್ಡ್ ಎಂಬ ಹೆಸರಾಂತ ಓಟದ ಮೈದಾನದ ಹಳೆಯ ಮರದ ಪ್ರೇಕ್ಷಕ ಗ್ಯಾಲರಿಯನ್ನು ಉಳಿಸಿ ಎಂದು ಊರಿನ ಅನೇಕರು ಕೇಳಿಕೊಂಡರೂ 2018ರಲ್ಲಿ ಅದನ್ನು ಕೆಡವಿದರು. 2020ರಲ್ಲಿ ಅಲ್ಲಿ ಹೊಸ ಕ್ರೀಡಾಂಗಣ ನಿಂತಿತು. ಭಾಗವಹಿಸುವಿಕೆಯ ಬಗ್ಗೆ ಜಗತ್ತಿಗೆ ಹೇಳಿಕೊಟ್ಟ ಕ್ಯಾಂಪಸ್ಸಿನಲ್ಲೇ ಹೀಗಾಯಿತು ಎಂಬುದನ್ನು ನಾನು ಹೊಸಬರಿಗೆ ಬಚ್ಚಿಡುವುದಿಲ್ಲ. ಸಮಿತಿಯಲ್ಲಿ ಎಷ್ಟೇ ಒಳ್ಳೆಯ ಕ್ರಮವಿದ್ದರೂ, ದಾನ ಸ್ವೀಕರಿಸುವ ತೀರ್ಮಾನ ಆ ಕ್ರಮದ ಹೊರಗೆ ನಡೆದರೆ ಜನರ ಕೈಯಲ್ಲಿ ಉಳಿಯುವುದು ಬಣ್ಣ ಆರಿಸುವ ಅಧಿಕಾರ ಮಾತ್ರ.

ನಮ್ಮಲ್ಲಿಗೆ ಬರೋಣ. ಕರ್ನಾಟಕದ ಹಳೆಯ ಕ್ಯಾಂಪಸ್ಸುಗಳು ದೊಡ್ಡ ವ್ಯಕ್ತಿಗಳ ಕಾಣ್ಕೆಯಿಂದ ಎದ್ದವು. ಮೈಸೂರಿನ ಮಾನಸಗಂಗೋತ್ರಿಯ ಹಿಂದೆ ಕುವೆಂಪು ಇದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣವನ್ನು 1954ರಿಂದ 1967ರವರೆಗೆ ಚುಕ್ಕಾಣಿ ಹಿಡಿದ ಡಿ.ಸಿ. ಪಾವಟೆಯವರು ಬೆಳೆಸಿದರು. ಆ ಗುಡ್ಡ, ಆ ಮರಗಳು, ಆ ವಿಶಾಲ ರಸ್ತೆಗಳಿಗಾಗಿ ನಾವು ಕೃತಜ್ಞರಾಗಿರಲೇಬೇಕು. ಆದರೆ ಅದು ಒಬ್ಬರು ಎಲ್ಲರನ್ನೂ ಬಲ್ಲಷ್ಟು ವಿಶ್ವವಿದ್ಯಾಲಯ ಚಿಕ್ಕದಿದ್ದ ಕಾಲ. ಬೆಂಗಳೂರಿನ ಜ್ಞಾನಭಾರತಿಯನ್ನು ನೋಡಿ. ಸಾವಿರ ಎಕರೆ ಮೀರಿದ ಆ ನೆಲದಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನ ಮಾಡುವ ನ್ಯಾಕ್ ಮೊದಲಾದ ಬೇರೆ ಸಂಸ್ಥೆಗಳೂ ಬಂದು ನೆಲೆಸಿವೆ, ಸುತ್ತ ನಗರ ಬೆಳೆದಿದೆ, ಒಳಗಿನ ರಸ್ತೆಗಳಲ್ಲಿ ಊರಿನ ವಾಹನಗಳು ಹರಿಯುತ್ತವೆ. 2022ರಲ್ಲಿ ಆವರಣದೊಳಗೆ ವಿದ್ಯಾರ್ಥಿನಿಯೊಬ್ಬರು ಬಸ್ಸಿಗೆ ಸಿಕ್ಕಿದಾಗ ವಿದ್ಯಾರ್ಥಿಗಳು ರಸ್ತೆಗಿಳಿದು, ಹೊರಗಿನ ವಾಹನಗಳನ್ನು ಒಳಗೆ ಬಿಡಬೇಡಿ ಎಂದು ಒತ್ತಾಯಿಸಿದರು. ಅರ್ಧ ಶತಮಾನದ ಹಿಂದೆ ಯೂಜೀನಿನ ವಿದ್ಯಾರ್ಥಿಗಳು ಎತ್ತಿದ ಪ್ರಶ್ನೆಯೇ ಇದು. ಅದಕ್ಕೆ ಉತ್ತರ ಹುಡುಕುವಾಗ ಆ ರಸ್ತೆಯನ್ನೇ ನಂಬಿಕೊಂಡ ಸುತ್ತಲಿನ ಬಡಾವಣೆಗಳವರೂ ಮೇಜಿನ ಬಳಿ ಇರಬೇಕು. ಬೀದಿಯಲ್ಲಿ ಪ್ರತಿಭಟನೆಯಾದ ಮೇಲೆ ಕರೆಯುವ ಸಭೆಗಿಂತ, ಅದಕ್ಕೆ ಐದು ವರ್ಷ ಮೊದಲು ಕರೆಯುವ ಸಭೆಯಲ್ಲಿ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಈಗ ನಿಮ್ಮ ಮೊದಲ ಸಭೆಯ ವಿಷಯ. ನಕ್ಷೆ ಹರಡಿದಾಗ ಗಾಬರಿಯಾಗಬೇಡಿ. ಬಣ್ಣಗಳ ಬಗ್ಗೆ ಏನೂ ಹೇಳದಿದ್ದರೂ ನಡೆಯುತ್ತದೆ. ಈ ಮೇಜಿನಲ್ಲಿ ಆಗುವ ತೀರ್ಮಾನ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಮುಂದೆ ಹೇಗೆ ಹೋಗುತ್ತದೆ, ಅಲ್ಲಿ ಬದಲಾದರೆ ನಮಗೆ ಕಾರಣ ತಿಳಿಸುತ್ತಾರೆಯೇ ಎಂದು ಕೇಳಿ. ಜನರಿಂದ ಬಂದ ಪ್ರತಿಯೊಂದು ಸಲಹೆಯೂ ಏನಾಯಿತು, ಯಾವುದನ್ನು ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂಬುದು ನಡಾವಳಿಯಲ್ಲಿ ಬರಲಿ, ಆ ನಡಾವಳಿ ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹೋಗಲಿ ಎಂದು ಪಟ್ಟುಹಿಡಿಯಿರಿ. ಈ ವರ್ಷದ ಬಜೆಟ್ಟಿನಲ್ಲಿ ಸಣ್ಣ ಕೆಲಸಗಳಿಗೆಂದು ಎಷ್ಟು ಹಣ ತೆಗೆದಿಟ್ಟಿದ್ದಾರೆ ಎಂದು ವಿಚಾರಿಸಿ. ಒಂದು ರೂಪಾಯಿಯೂ ಇಲ್ಲ ಎಂದಾದರೆ ಮೊದಲ ಬೇಡಿಕೆ ಅದೇ ಆಗಲಿ. ನಿಮ್ಮ ಅವಧಿ ಮುಗಿಯುವ ಮುನ್ನ, ನೀವು ಸಂಗ್ರಹಿಸಿದ ಮಾತುಗಳನ್ನೂ ಬರೆದ ಪ್ಯಾಟರ್ನ್‌ಗಳನ್ನೂ ಒಂದು ಫೈಲಿನಲ್ಲಿ ಸೇರಿಸಿ, ನಿಮ್ಮ ಜಾಗಕ್ಕೆ ಬರುವವರ ಜೊತೆ ಕ್ಯಾಂಪಸ್ಸನ್ನು ಒಂದು ಸುತ್ತು ನಡೆದು, ಅದನ್ನು ಅವರ ಕೈಗೆ ಕೊಡಿ.